ಕ್ರೇಜಿ ಕ್ವಿಲ್ಟಿಂಗ್‌ಗೆ ಕೋರ್ಸ್ ಬೇಡ, ಸುತ್ತಲೂ ಮುಕ್ಕಾಲು ಇಂಚು ಬಟ್ಟೆ ಬಿಡಿ

ಹಳೆಯ ರೇಷ್ಮೆ ಸೀರೆಗಳಿವೆ, ಮನೆಯಲ್ಲೇ ಕ್ರೇಜಿ ಕ್ವಿಲ್ಟಿಂಗ್ (ಓರೆಕೋರೆ ಬಟ್ಟೆ ತುಂಡುಗಳನ್ನು ಜೋಡಿಸಿ ಮೇಲೆ ಕಸೂತಿ ಹಾಕುವ ಕಲೆ) ಕಲಿಯಲು ಯಾವ ಆನ್‌ಲೈನ್ ಕೋರ್ಸ್‌ಗೆ ದುಡ್ಡು ಕಟ್ಟಲಿ ಎಂದು ಕೇಳಿದ್ದೀರಿ. ಯಾವುದಕ್ಕೂ ಕಟ್ಟಬೇಡಿ. ನಾನು ಶಿಡ್ಲಘಟ್ಟದವಳು, ರೇಷ್ಮೆ ಗೂಡು-ನೂಲಿನ ಮಾತು ಕೇಳುತ್ತಲೇ ಬೆಳೆದವಳು. ಅಮ್ಮನ ಧಾರೆ ಸೀರೆ ಮಡಿಕೆಗಳಲ್ಲಿ ಸೀಳತೊಡಗಿದಾಗ ಉಚಿತ ವಿಡಿಯೋಗಳನ್ನು ನೋಡಿಯೇ ಇದನ್ನು ಕಲಿತೆ.

ತುಂಡುಗಳನ್ನು ಜೋಡಿಸುವುದು ಒಂದು ಮಧ್ಯಾಹ್ನದ ಕಲಿಕೆ. ಕೆಳಗೆ ಒಗೆದು ಇಸ್ತ್ರಿ ಮಾಡಿದ ತೆಳು ಹತ್ತಿ ಬಟ್ಟೆ, ಅದರ ನಡುವೆ ಐದು ಮೂಲೆಯ ಒಂದು ತುಂಡು. ಎರಡನೆಯ ತುಂಡನ್ನು ಅದರ ಒಂದು ಅಂಚಿಗೆ ಮುಖಕ್ಕೆ ಮುಖ ಸೇರಿಸಿ, ಕಾಲಿಂಚು ಒಳಗೆ ಹೊಲಿದು, ಮಗುಚಿ ಇಸ್ತ್ರಿ ಒತ್ತಬೇಕು. ತಳದ ಬಟ್ಟೆ ಮುಚ್ಚುವವರೆಗೆ ಹೀಗೆಯೇ ಸುತ್ತುತ್ತಾ ಹೋಗುವುದು. ಆಮೇಲೆ ಪ್ರತಿಯೊಂದು ಜೋಡಣೆಯ ಮೇಲೂ ಹೆರಿಂಗ್‌ಬೋನ್, ಫೆದರ್, ಬಟನ್‌ಹೋಲ್ ಎಂಬ ಕಸೂತಿ ಹೊಲಿಗೆ. ಟೈಲರಿಂಗ್ ತರಗತಿಗೆ ಹೋದವರಿಗೆ ಇವು ಹೊಸತಲ್ಲ.

ನನ್ನ ಕೆಲಸ ಕೆಟ್ಟದ್ದು ಅಳತೆಯಲ್ಲಿ. ಹನ್ನೆರಡು ಇಂಚಿನ ಚೌಕ ಬೇಕಿತ್ತು. ಹೊಲಿಗೆಗೆಂದು ಎರಡೂ ಬದಿ ಕಾಲಿಂಚು ಸೇರಿಸಿ ತಳದ ಬಟ್ಟೆಯನ್ನು ಹನ್ನೆರಡೂವರೆಗೆ ಕತ್ತರಿಸಿದೆ. ಬ್ಲೌಸಿನ ಲೆಕ್ಕದಲ್ಲಿ ಅದು ಸರಿ, ಇಲ್ಲಿ ತಪ್ಪು. ಹೆರಿಂಗ್‌ಬೋನ್‌ನಲ್ಲಿ ದಾರ ಜೋಡಣೆಯ ಈಚೆಗೂ ಆಚೆಗೂ ಹಾಯುತ್ತದೆ, ಪ್ರತಿ ಸಲವೂ ಎರಡು ಬದಿಯ ಬಟ್ಟೆಯನ್ನು ಒಂದು ಎಳೆಯಷ್ಟು ಹತ್ತಿರ ಎಳೆಯುತ್ತದೆ. ಒಂದು ಹೊಲಿಗೆಯಲ್ಲಿ ಕಣ್ಣಿಗೆ ಕಾಣದ ಈ ಎಳೆತ ಇಡೀ ಚೌಕದ ಕಸೂತಿ ಮುಗಿಯುವ ಹೊತ್ತಿಗೆ ಅರ್ಧ ಇಂಚಾಗಿರುತ್ತದೆ. ಎಲ್ಲಾ ಚೌಕಗಳೂ ಸಮವಾಗಿ ಕುಗ್ಗಿದ್ದರೆ ಪರವಾಗಿರಲಿಲ್ಲ. ದಟ್ಟ ಕೆಲಸ ಬಿದ್ದ ಬದಿ ಹೆಚ್ಚು, ಖಾಲಿ ಬಿಟ್ಟ ಬದಿ ಕಡಿಮೆ ಕುಗ್ಗಿ ಎಲ್ಲವೂ ಸೊಟ್ಟಗಾದವು. ಸಾಲದ್ದಕ್ಕೆ ನಾನು ಅಂಚಿನ ತುದಿಯವರೆಗೂ ಕಸೂತಿ ಮಾಡಿದ್ದೆ. ನೇರ ಮಾಡಲು ಕತ್ತರಿಸಿದಾಗ ದಾರಗಳು ಬಿಚ್ಚಿಕೊಂಡವು. ಸೆರಗಿನಿಂದ ತೆಗೆದಿದ್ದ ಜರಿಯ ಅನ್ನಪಕ್ಷಿಯ ಕೊಕ್ಕು ಜೋಡಣೆಯ ಒಳಗೆ ಸೇರಿಹೋಯಿತು. ಬದಲಿಗೆ ಹಾಕಲು ಸೆರಗಿನಲ್ಲಿ ಇನ್ನೊಂದು ಅನ್ನಪಕ್ಷಿ ಉಳಿದಿರಲಿಲ್ಲ. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ತಳದ ಬಟ್ಟೆಯನ್ನು ಹದಿನಾಲ್ಕು ಇಂಚಿಗೆ, ಅಂದರೆ ಹನ್ನೆರಡೂವರೆಗಿಂತ ಸುತ್ತಲೂ ಮುಕ್ಕಾಲು ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ನಡುವೆ ಹನ್ನೆರಡು ಇಂಚಿನ ಚೌಕವನ್ನು ದಾರದಿಂದ ಗುರುತು ಮಾಡಿ, ಮುಖ್ಯ ಚಿತ್ತಾರವನ್ನು ಆ ಗೆರೆಯಿಂದ ಒಂದು ಇಂಚು ಒಳಗಿಡಿ. ಕಸೂತಿ ಪೂರ್ತಿ ಮುಗಿದ ಮೇಲೆ ಮತ್ತೆ ಅಳೆದು ಹನ್ನೆರಡೂವರೆಗೆ ಕತ್ತರಿಸಿ. ವಿಡಿಯೋದಲ್ಲಿ ಕ್ಯಾಮೆರಾ ಸೂಜಿಯ ಮೇಲೇ ನೆಟ್ಟಿರುತ್ತದೆ, ಬಟ್ಟೆಯ ಅಂಚು ಪರದೆಯ ಹೊರಗೆ ಉಳಿಯುತ್ತದೆ. ದುಡ್ಡು ಕೊಟ್ಟು ನೋಡುವ ವಿಡಿಯೋವೂ ಸೂಜಿಯನ್ನೇ ತೋರಿಸುತ್ತದೆ.

ಇದು ನಿಯಮವಿಲ್ಲದ ಕಲೆ, ಹಾಗಾಗಿ ಸುಲಭವಿರಬೇಕು ಎಂದೂ ಬರೆದಿದ್ದೀರಿ. ಒಪ್ಪುವುದಿಲ್ಲ. 1876ರಲ್ಲಿ ಫಿಲಡೆಲ್ಫಿಯಾದ ಪ್ರದರ್ಶನದಲ್ಲಿ ಜಪಾನಿನ ಕಲಾವಸ್ತುಗಳನ್ನು ಕಂಡ ಅಮೆರಿಕದ ಹೆಂಗಸರು ಆ ಓರೆಕೋರೆ ವಿನ್ಯಾಸಕ್ಕೆ ಮನಸೋತರು, 1880ರ ದಶಕದಲ್ಲಿ ಕ್ರೇಜಿ ಕ್ವಿಲ್ಟ್ ಮನೆಮನೆಯ ಗೀಳಾಯಿತು. ಅವರ ಓರೆಕೋರೆಯಲ್ಲೂ ಗಾಢ ಬಣ್ಣದ ಪಕ್ಕ ತಿಳಿ ಬಣ್ಣ, ಹೊಳೆಯುವ ರೇಷ್ಮೆಯ ಪಕ್ಕ ಮಂಕು ಮಖಮಲ್ಲು ಎಂಬ ಲೆಕ್ಕ ಕಾಣುತ್ತದೆ. ಇದನ್ನು ನಮ್ಮ ಕೌದಿಯಂತೆ ಹೊದೆಯಲು ಮಾಡಬೇಡಿ. ಸಾಮಾನ್ಯವಾಗಿ ಇದರೊಳಗೆ ಹತ್ತಿ ತುಂಬುವುದಿಲ್ಲ, ಪದೇ ಪದೇ ಒಗೆತವನ್ನೂ ಇದು ತಾಳುವುದಿಲ್ಲ. ಗೋಡೆಗೆ, ದಿಂಬಿನ ಕವರಿಗೆ ಸಾಕು.

ರೇಷ್ಮೆ ಆರಿಸುವಾಗ ಕರುಣೆ ಬೇಡ. ಎಳೆಯ ಮೇಲಿನ ಸಹಜ ಅಂಟು ತೆಗೆದಾಗ ರೇಷ್ಮೆ ಸುಮಾರು ಕಾಲುಭಾಗ ತೂಕ ಕಳೆದುಕೊಳ್ಳುವುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಆ ತೂಕ ತುಂಬಿಸಲು ಆ ಕ್ರೇಜಿ ಕ್ವಿಲ್ಟ್‌ಗಳ ಕಾಲದ ವ್ಯಾಪಾರಿಗಳು ರೇಷ್ಮೆಗೆ ಲೋಹದ ಲವಣ ಏರಿಸುತ್ತಿದ್ದರು, ಅಂಥ ರೇಷ್ಮೆ ಹಾಕಿದ ಹಳೆಯ ಕ್ವಿಲ್ಟ್‌ಗಳು ಇಂದು ಪುಡಿಯಾಗುತ್ತಿವೆ. ನಿಮ್ಮ ಸೀರೆಯನ್ನು ಬೆಳಕಿಗೆ ಹಿಡಿಯಿರಿ. ಮಡಿಕೆಯಲ್ಲಿ ಬೆಳಕು ತೂರಿದರೆ ಆ ಭಾಗ ಬಿಟ್ಟುಬಿಡಿ, ಉಳಿದದ್ದರ ಹಿಂದೆ ತೆಳು ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಒಳಪದರ) ಅಂಟಿಸಿ. ಜರಿಯ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ, ನಡುವೆ ಹತ್ತಿ ಬಟ್ಟೆ ಇರಲಿ.

ಮೊದಲ ಚೌಕವನ್ನು ದರ್ಜಿಯ ಅಂಗಡಿಯ ಚೂರುಗಳಲ್ಲಿ ಮಾಡಿ, ಸೀರೆಗೆ ಕತ್ತರಿ ಹಾಕಬೇಡಿ. ಕೋರ್ಸಿನ ದುಡ್ಡಿನಲ್ಲಿ ಬಣ್ಣ ಬಿಡದ ದಾರ ಕೊಳ್ಳಿ. ಕೆಂಪು ದಾರವನ್ನು ಮಾತ್ರ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿಯೇ ಬಳಸಿ.