ನೋವು ಬರಿಸಿ ಆದ ಹೆರಿಗೆ ನಿಮ್ಮ ಸೋಲಲ್ಲ

ಪ್ರಶ್ನೆ: ನನ್ನದು ಚೊಚ್ಚಲ ಹೆರಿಗೆ. ದಿನ ತುಂಬಿ ಹತ್ತು ದಿನ ಕಳೆದರೂ ನೋವು ಕಾಣಿಸಿಕೊಳ್ಳಲಿಲ್ಲವೆಂದು ಆಸ್ಪತ್ರೆಗೆ ಸೇರಿಸಿಕೊಂಡು ನೋವು ಬರಿಸಿದರು. ಮೊದಲು ಜೆಲ್, ಆಮೇಲೆ ಡ್ರಿಪ್. ಎರಡು ದಿನ ಒದ್ದಾಡಿದ ಮೇಲೆ ಮಗಳು ಹುಟ್ಟಿದಳು. ಅವಳಿಗೀಗ ಐದು ವಾರ. ತಾನಾಗಿ ಬರಬೇಕಾದ ನೋವು ನನಗೆ ಮಾತ್ರ ಏಕೆ ಬರಲಿಲ್ಲ ಎಂಬ ಕೊರಗು ಇನ್ನೂ ಹೋಗಿಲ್ಲ. ಮಗು ಹಾಲು ಕುಡಿದ ಅರ್ಧ ಗಂಟೆಗೇ ಮತ್ತೆ ಅಳುತ್ತದೆ. ಸಂಜೆಯಾದರಂತೂ ಸುಮ್ಮನಾಗುವುದೇ ಇಲ್ಲ. ನನ್ನ ಹಾಲು ಸಾಲುತ್ತಿಲ್ಲವೇನೋ ಎಂಬ ಭಯ. ಅವಳು ಮಲಗಿದಾಗಲೂ ನನಗೆ ನಿದ್ದೆ ಬರುವುದಿಲ್ಲ. ಅವಳನ್ನು ನೋಡಿದರೆ ಉಕ್ಕಬೇಕಾದ ಪ್ರೀತಿ ಉಕ್ಕುವುದಿಲ್ಲ. ಇದನ್ನು ಗಂಡನಿಗೆ ಹೇಳಲು ನಾಚಿಕೆ. ತಾಯಿಯಾಗಲು ನಾನು ತಕ್ಕವಳಲ್ಲವೇ?

ಉತ್ತರ: ಮಗು ಮಲಗಿದಾಗಲೂ ನಿದ್ದೆ ಬರುವುದಿಲ್ಲ ಎಂದು ನೀವು ಬರೆದಿರುವುದರಿಂದಲೇ ಉತ್ತರವನ್ನು ಆರಂಭಿಸುತ್ತೇನೆ, ಏಕೆಂದರೆ ಇಡೀ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಅದೇ. ಮಗು ಏಳಿಸುವುದರಿಂದ ನಿದ್ದೆ ಕೆಡುವುದು ಎಲ್ಲ ಬಾಣಂತಿಯರ ಪಾಡು. ಆದರೆ ಮಲಗಲು ಬಿಡುವು ಸಿಕ್ಕಾಗಲೂ ಕಣ್ಣು ಮುಚ್ಚದಿರುವುದು ಬೇರೆಯೇ ವಿಷಯ. ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಕುಸಿಯುವುದು ಬಹುಪಾಲು ತಾಯಂದಿರಿಗೆ ಆಗುತ್ತದೆ ಮತ್ತು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನೇ ಶಮನವಾಗುತ್ತದೆ. ನಿಮಗೆ ಐದು ವಾರಗಳಾಗಿವೆ. ಆದ್ದರಿಂದ ಇದು ಹೆರಿಗೆಯ ನಂತರದ ಖಿನ್ನತೆ ಇರಬಹುದೇ ಎಂಬುದನ್ನು ಈ ವಾರವೇ ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ. ಇದಕ್ಕಾಗಿ 1987ರಲ್ಲಿ ರೂಪುಗೊಂಡ, ಎಡಿನ್‌ಬರೊ ಮಾಪಕ ಎಂದು ಹೆಸರಾದ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ. ಕಳೆದ ಏಳು ದಿನಗಳಲ್ಲಿ ಅನಗತ್ಯವಾಗಿ ನಿಮ್ಮನ್ನು ನೀವೇ ದೂಷಿಸಿಕೊಂಡಿರಾ, ದುಃಖದಿಂದ ನಿದ್ದೆ ಕೆಟ್ಟಿತೇ ಎಂಬುವು ಅದರಲ್ಲಿರುವ ಪ್ರಶ್ನೆಗಳು, ಮತ್ತು ಇವೆರಡನ್ನೂ ಯಾರೂ ಕೇಳುವ ಮೊದಲೇ ನೀವು ನನಗೆ ಬರೆದುಬಿಟ್ಟಿದ್ದೀರಿ. ವೈದ್ಯರ ಮುಂದೆ ಮಾತು ಹೊರಡದಿದ್ದರೆ ಈ ಪತ್ರವನ್ನೇ ಅವರ ಕೈಗೆ ಕೊಡಿ. ಆಪ್ತ ಸಮಾಲೋಚನೆಯಿಂದಲೇ ಅನೇಕರು ಚೇತರಿಸಿಕೊಳ್ಳುತ್ತಾರೆ. ಔಷಧಿ ಬೇಕಾದರೂ ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ಹಾಗಾಗಿ ಹಾಲು ಬಿಡಿಸಬೇಕಾಗುತ್ತದೆಂಬ ಭಯದಿಂದ ಹಿಂಜರಿಯಬೇಡಿ.

ಇನ್ನು ನಿಮ್ಮ ಕೊರಗಿನ ವಿಷಯ. ಹೆರಿಗೆಯ ದಿನಾಂಕವೆಂಬುದು ಒಂದು ಅಂದಾಜು. ಗೊತ್ತುಪಡಿಸಿದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. 41 ವಾರ ಮೀರಿದ ಮೇಲೆ ನೋವು ಬರಿಸುವ ಸಲಹೆಯನ್ನು ವೈದ್ಯರು ಕೊಡುವುದು ತಾಯಿಯ ದೇಹ ಸೋತಿದೆಯೆಂದಲ್ಲ. ದಿನ ಮೀರಿದಷ್ಟೂ, ಅದರಲ್ಲೂ 42 ವಾರ ದಾಟಿದರೆ, ಮಗು ಗರ್ಭದಲ್ಲೇ ಸಾಯುವ ಅಪಾಯವು ಚಿಕ್ಕದಾದರೂ ಏರುತ್ತ ಹೋಗುತ್ತದೆ ಎಂಬ ಕಾರಣಕ್ಕೆ. ಎರಡು ದಿನ ಹಿಡಿದದ್ದೂ ನಿಮ್ಮ ದೌರ್ಬಲ್ಯದಿಂದಲ್ಲ. ತಾನಾಗಿ ನೋವು ಆರಂಭವಾಗದ ಚೊಚ್ಚಲ ಬಸುರಿಯಲ್ಲಿ ಗರ್ಭಕೋಶದ ಬಾಯಿ ಹೆಚ್ಚಾಗಿ ಗಟ್ಟಿಯಾಗಿ, ಮುಚ್ಚಿಕೊಂಡೇ ಇರುತ್ತದೆ. ಜೆಲ್ ಮಾಡುವ ಕೆಲಸವೆಂದರೆ ಅದನ್ನು ಮೆದುಗೊಳಿಸುವುದು, ಮತ್ತು ಅಷ್ಟಕ್ಕೇ ಕೆಲವೊಮ್ಮೆ ಒಂದು ಹಗಲು ಒಂದು ರಾತ್ರಿ ಬೇಕಾಗುತ್ತದೆ. ಅದಾದ ಮೇಲೆ ಡ್ರಿಪ್‌ನಲ್ಲಿ ಹರಿಸುವ, ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ ಬರುವ ನೋವುಗಳು ಬಿಡುವು ಕೊಡದೆ, ಒಂದರ ಹಿಂದೊಂದರಂತೆ, ಸಹಜ ನೋವಿಗಿಂತ ತೀವ್ರವಾಗಿ ಎರಗಬಹುದು. ಇದನ್ನು ಮೊದಲೇ ಯಾರಾದರೂ ಕುಳಿತು ವಿವರಿಸಿದ್ದರೆ ಆ ಎರಡು ದಿನಗಳಲ್ಲಿ ನೀವು ನಿಮ್ಮನ್ನೇ ಶಂಕಿಸುವ ಪ್ರಮೇಯ ಬರುತ್ತಿರಲಿಲ್ಲ. ಈಗಲೂ ತಡವಾಗಿಲ್ಲ: ನಿಮ್ಮ ಹೆರಿಗೆಯ ದಾಖಲೆಗಳನ್ನು ಮುಂದಿಟ್ಟುಕೊಂಡು, ಯಾವ ಹಂತದಲ್ಲಿ ಏನು ಮಾಡಿದರು, ಏಕೆ ಮಾಡಿದರು ಎಂದು ತಿಳಿಸುವಂತೆ ವೈದ್ಯರನ್ನು ಕೇಳಿ. ಕೇಳಲು ನಿಮಗೆ ಪೂರ್ಣ ಹಕ್ಕಿದೆ.

ಹಾಲಿನ ಭಯಕ್ಕೆ ಉತ್ತರ ನಿಮ್ಮ ಮಗುವಿನ ಬಳಿಯೇ ಇದೆ, ಆದರೆ ಅದನ್ನು ಅಳುವಿನಲ್ಲಿ ಹುಡುಕಬೇಡಿ. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ, ವಾರಕ್ಕೆ ಸುಮಾರು 150ರಿಂದ 200 ಗ್ರಾಂ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಕುಡಿಸುವಾಗ ಅವಳ ಕೈಯನ್ನು ಗಮನಿಸಿ: ಹಸಿದಾಗ ಬಿಗಿ ಹಿಡಿದಿರುವ ಮುಷ್ಟಿ, ಹೊಟ್ಟೆ ತುಂಬುತ್ತ ಬಂದಂತೆ ಸಡಿಲಗೊಂಡು ಬೆರಳುಗಳು ಬಿಚ್ಚಿಕೊಳ್ಳುತ್ತವೆ, ದವಡೆ ಆಡುವುದರ ಜೊತೆಗೆ ನುಂಗುವ ಸಣ್ಣ ಸದ್ದೂ ಕೇಳುತ್ತದೆ. ಈ ವಯಸ್ಸಿನ ಕೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ವಾಡಿಕೆ, ಮತ್ತು ಅನೇಕ ಮಕ್ಕಳು ಸಂಜೆಯ ಹೊತ್ತಿಗೆ ಬಿಟ್ಟೂ ಬಿಡದೆ ಮೊಲೆಗಂಟಿಕೊಳ್ಳುತ್ತವೆ. ಅಳು ಕೂಡ ಹುಟ್ಟಿದಂದಿನಿಂದ ಹೆಚ್ಚುತ್ತ ಹೋಗಿ ಸುಮಾರು ಆರನೆಯ ವಾರಕ್ಕೆ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳೊಳಗೆ ಇಳಿಯುತ್ತದೆ. ನೀವೀಗ ಆ ತುದಿಯಲ್ಲೇ ನಿಂತಿದ್ದೀರಿ. ಒಂದು ವೇಳೆ ತೂಕ ಏರುತ್ತಿಲ್ಲವೆಂದು ಕಂಡುಬಂದರೆ ಮಕ್ಕಳ ವೈದ್ಯರ ಸಲಹೆಯಂತೆ ಮೇಲುಹಾಲು (ಶಿಶುಗಳಿಗೆಂದೇ ತಯಾರಿಸಿದ ಫಾರ್ಮುಲಾ ಹಾಲು) ಕೊಡಿ. ಅದರಿಂದ ನಿಮ್ಮ ತಾಯ್ತನಕ್ಕೆ ಯಾವ ಕುಂದೂ ಇಲ್ಲ.

ಪ್ರೀತಿ ಉಕ್ಕಲಿಲ್ಲ ಎಂದು ಬರೆದಿದ್ದೀರಿ. ಮಗುವನ್ನು ಎದೆಗಿಟ್ಟ ಕ್ಷಣವೇ ಎಲ್ಲ ತಾಯಂದಿರಲ್ಲೂ ಅದು ಉಕ್ಕುತ್ತದೆಂಬುದು ನಿಜವಲ್ಲ. ದೀರ್ಘ ಹೆರಿಗೆಯಿಂದ ಬಳಲಿದ, ವಾರಗಟ್ಟಲೆ ನಿದ್ದೆಯಿಲ್ಲದ ಅನೇಕರಲ್ಲಿ ಅದು ದಿನಗಳು, ವಾರಗಳು ಕಳೆದಂತೆ ಬೆಳೆಯುತ್ತದೆ, ಮತ್ತು ಖಿನ್ನತೆ ಇದ್ದಲ್ಲಿ ಅದು ವಾಸಿಯಾಗುವವರೆಗೆ ಪ್ರೀತಿ ಮರೆಯಾಗಿರಬಹುದು. ರಾತ್ರಿಯಿಡೀ ಎದ್ದು ಹಾಲೂಡಿಸುತ್ತಿರುವ, ಹಾಲು ಸಾಲದೇನೋ ಎಂದು ನಡುಗುತ್ತಿರುವ ನಿಮ್ಮನ್ನು ತಕ್ಕ ತಾಯಿಯಲ್ಲ ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ನಿಮ್ಮ ಗಂಡನಿಗೆ ಇಂದೇ ಹೇಳಿ: “ನನಗೆ ಮನಸ್ಸು ಸರಿಯಿಲ್ಲ, ಡಾಕ್ಟರ ಹತ್ತಿರ ಹೋಗಬೇಕು, ನೀವೂ ಬನ್ನಿ.” ಇಷ್ಟೇ ಸಾಕು. ಜೊತೆಗೆ ರಾತ್ರಿಯ ಒಂದು ಹಾಲೂಡಿಕೆಯನ್ನು, ಹಿಂಡಿಟ್ಟ ಹಾಲಿನಿಂದಲೋ ಮೇಲುಹಾಲಿನಿಂದಲೋ, ಅವರಿಗೆ ವಹಿಸಿ; ನೀವು ಬೇರೆ ಕೋಣೆಯಲ್ಲಿ ನಾಲ್ಕೈದು ಗಂಟೆ ಒಂದೇ ಸಮನೆ ಮಲಗಲು ಪ್ರಯತ್ನಿಸಿ. ಹಾಗೆಯೂ ನಿದ್ದೆ ಹತ್ತದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

ಅಳು ಸಹಿಸಲು ಅಸಾಧ್ಯವೆನಿಸಿದಾಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಕೆಲವು ನಿಮಿಷ ಹೊರಗೆ ಬಂದು ಉಸಿರಾಡಿ. ಎಂತಹ ಸಂದರ್ಭದಲ್ಲೂ ಮಗುವನ್ನು ಜೋರಾಗಿ ಅಲುಗಾಡಿಸಬಾರದು. ನಿಮಗಾಗಲಿ ಮಗುವಿಗಾಗಲಿ ಕೇಡು ಮಾಡಬೇಕೆಂಬ ಆಲೋಚನೆ ಸುಳಿದರೆ, ಇಲ್ಲದ ಧ್ವನಿಗಳು ಕೇಳಿಸಿದರೆ, ಒಬ್ಬರೇ ಇರದೆ ತಕ್ಷಣ ಆಸ್ಪತ್ರೆಗೆ ಹೋಗಿ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತಸ್ರಾವ, ಜ್ವರ, ಕಣ್ಣು ಮಂಜಾಗಿಸುವ ತಲೆನೋವು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಅಥವಾ ಮಗುವಿನ ಮೈ 38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು, ಇವಕ್ಕೂ ತಡಮಾಡಬಾರದು. ಆರನೆಯ ವಾರದ ತಪಾಸಣೆ ಹೇಗೂ ಹತ್ತಿರದಲ್ಲೇ ಇದೆಯಲ್ಲ ಎಂದು ಅದಕ್ಕಾಗಿ ಕಾಯುತ್ತ ಕೂರಬೇಡಿ. ಭೇಟಿಯ ಸಮಯವನ್ನು ನಾಳೆಯೇ ಗೊತ್ತುಮಾಡಿಕೊಳ್ಳಿ.