ಅರ್ಜೆಂಟೀನಾದ 1813ರ ಸೂರ್ಯಮುಖದ 8 ರಿಯಾಲ್ (ಹಳೆಯ ಸ್ಪೇನ್ ಹಣ) ಬೆಳ್ಳಿ ನಾಣ್ಯ ಅಷ್ಟು ಅಪರೂಪ ಯಾಕೆ? ಕೊಳ್ಳುವ ಮುಂಚೆ ಏನು ನೋಡಬೇಕು?

ಅಪರೂಪಕ್ಕೆ ಕಾರಣ ಯುದ್ಧ. ಇಂದಿನ ಬೊಲಿವಿಯಾದಲ್ಲಿರುವ ಪೊಟೊಸಿ ಬೆಳ್ಳಿ ಗಣಿಗಳ ಊರು. 1813ರಲ್ಲಿ, ಸ್ಪೇನ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಅರ್ಜೆಂಟೀನಾದ ಸೇನಾಪತಿ ಬೆಲ್ಗ್ರಾನೊನ ಸೈನ್ಯ ಅದನ್ನು ಹಿಡಿದಾಗ, ಅಲ್ಲಿನ ಟಂಕಸಾಲೆಯಲ್ಲಿ ಸ್ಪೇನ್ ದೊರೆಯ ಮುಖ ತೆಗೆದು ಸೂರ್ಯನನ್ನು ಅಚ್ಚೊತ್ತಿದರು. ವರ್ಷದ ಕೊನೆಗೆ ಸೋತು ಹಿಂದೆ ಸರಿದರು. 1815ರಲ್ಲಿ ಊರು ಮತ್ತೆ ಕೈಗೆ ಬಂತು, ಹೆಚ್ಚು ದಿನ ಉಳಿಯಲಿಲ್ಲ. ಹಾಗಾಗಿ ಪೊಟೊಸಿಯಲ್ಲಿ ಈ ನಾಣ್ಯಕ್ಕೆ ಇರುವುದು ಎರಡೇ ಇಸವಿ.

ನಕಲಿ ಬಹಳ ಇವೆ. ತೂಕ ಸುಮಾರು 27 ಗ್ರಾಂ ಇರಬೇಕು, ಸವೆದಿದ್ದರೆ ತುಸು ಕಡಿಮೆ. ನಾನು ಮೊದಲು ಮಾಡುವುದು ನೀರಿನ ಪರೀಕ್ಷೆ: ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಮುಳುಗಿಸಿ. 2.6 ಗ್ರಾಂ ಆಸುಪಾಸು ತೋರಿಸಿದರೆ ಬೆಳ್ಳಿ ಸರಿಯಿದೆ. 3 ದಾಟಿದರೆ ಬಿಟ್ಟುಬಿಡಿ. ಬೆಳ್ಳಿಯಲ್ಲೇ ಎರಕ ಹೊಯ್ದ ನಕಲೂ ಇರುತ್ತದೆ, ಆದ್ದರಿಂದ ಭೂತಗನ್ನಡಿಯಲ್ಲಿ ಸೂರ್ಯನ ಕಿರಣಗಳ ಸಂದಿ ನೋಡಿ. ಅಲ್ಲಿ ಸಣ್ಣ ಸಣ್ಣ ಗುಳಿಗಳಿದ್ದರೆ ಅನುಮಾನಿಸಿ. ಪದಕ ಮಾಡಲು ತೂತು ಕೊರೆದು ಆಮೇಲೆ ಬೆಸುಗೆ ಹಾಕಿದ್ದೂ ಅಂಚಿನಲ್ಲಿ ಗೊತ್ತಾಗುತ್ತದೆ.

ದಯವಿಟ್ಟು ವಿಭೂತಿ ಹಾಕಿ ತಿಕ್ಕಬೇಡಿ. ಆ ಕಪ್ಪು ಛಾಯೆ ಇನ್ನೂರು ವರ್ಷದ್ದು, ಹೋದರೆ ಬೆಲೆಯೂ ಹೋಯಿತು.