ಯಾವ ವೈರಸ್ ಅಂತ ಗೊತ್ತಾದ ಮೇಲೆ ಏನು ಮಾಡ್ತೀರಿ?

ಡಿಸೆಂಬರ್ ಬಂತೆಂದರೆ ನಮ್ಮ ಲ್ಯಾಬಿನ ಫೋನಿಗೆ ಬಿಡುವಿಲ್ಲ. ನಾನು ಮೈಕ್ರೋಬಯಾಲಜಿಸ್ಟ್. ಮೂಗು, ಗಂಟಲಿನಿಂದ ತೆಗೆದ ಸ್ವಾಬ್ ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವುದು ನನ್ನ ಕೆಲಸ. ಈ ಅಂಕಣಕ್ಕೆ ಈ ಸಲ ಬಂದ ಓದುಗರ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ ಕೇಳಿವೆ. ಹೋದ ವರ್ಷವೂ ಅದೇ, ಅದರ ಹಿಂದಿನ ವರ್ಷವೂ ಅದೇ. ಆದ್ದರಿಂದ ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ.

ಆರು ವರ್ಷದ ಮಗನಿಗೆ ಎರಡು ದಿನದಿಂದ ಜ್ವರ, ನೆಗಡಿ, ಕೆಮ್ಮು. ಊಟ ಸ್ವಲ್ಪ ಕಡಿಮೆ, ಆದರೆ ಆಟ ಆಡುತ್ತಿದ್ದಾನೆ. ಇದು ಫ್ಲೂ ಇರಬಹುದಾ, ಕೋವಿಡ್ಡಾ, ಆರ್‌ಎಸ್‌ವಿನಾ, ಎಚ್‌ಎಂಪಿವಿನಾ? ಎಲ್ಲವನ್ನೂ ಒಂದೇ ಸಲ ನೋಡುವ ಪ್ಯಾನೆಲ್ ಟೆಸ್ಟ್ ಇದೆಯಂತೆ, ಮಾಡಿಸಲಾ? ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ನಮ್ಮ ಅತ್ತೆಯೂ ಇದ್ದಾರೆ. — ಒಬ್ಬ ತಾಯಿ, ದಾವಣಗೆರೆ

ಮಗನಿಗೆ ಪ್ಯಾನೆಲ್ ಬೇಡಮ್ಮ. ನೀವು ಕೊನೆಗೆ ಬರೆದ ಅತ್ತೆಯ ವಿಷಯವನ್ನು ಮೊದಲು ಬರೆಯಬೇಕಿತ್ತು.

ಟೆಸ್ಟ್‌ಗೆ ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ರಿಪೋರ್ಟ್ ಬಂದ ಮೇಲೆ ನಾನು ಬೇರೆ ಏನು ಮಾಡುತ್ತೇನೆ? ನಿಮ್ಮ ಮಗನ ರಿಪೋರ್ಟಿನಲ್ಲಿ ರೈನೋವೈರಸ್ ಅಂತ ಬಂದರೆ ಅದಕ್ಕೆ ಔಷಧಿ ಇಲ್ಲ. ನೆಗಡಿ, ಕೆಮ್ಮು ತರುವ ಇನ್ನೆರಡು ವೈರಸ್‌ಗಳಾದ ಅಡಿನೋವೈರಸ್‌ಗೂ ಇಲ್ಲ, ಎಚ್‌ಎಂಪಿವಿಗೂ ಇಲ್ಲ. ಆರ್‌ಎಸ್‌ವಿಯೂ ಅಂಥದ್ದೇ ವೈರಸ್, ಆರೋಗ್ಯವಾಗಿರುವ ಆರು ವರ್ಷದ ಮಗುವಿಗೆ ಅದು ಬಂದರೂ ಮಾಡುವುದು ಇಷ್ಟೇ: ತೂಕಕ್ಕೆ ತಕ್ಕಷ್ಟು ಪ್ಯಾರಸಿಟಮಾಲ್, ಗಂಜಿ, ನೀರು, ನಿದ್ದೆ. ಸಾವಿರಾರು ರೂಪಾಯಿ ಕೊಟ್ಟು ಒಂದು ಹೆಸರು ತಂದುಕೊಂಡ ಹಾಗಾಗುತ್ತದೆ. ಆ ಹೆಸರನ್ನು ಫೋನಿನಲ್ಲಿ ಹುಡುಕಿ ಇಡೀ ರಾತ್ರಿ ನಿದ್ದೆಗೆಡುತ್ತೀರಿ. ಇಂಥ ತಾಯಂದಿರ ಫೋನ್ ನನಗೆ ವಾರಕ್ಕೆ ನಾಲ್ಕಾದರೂ ಬರುತ್ತವೆ.

ಇನ್ನೊಂದು ತೊಂದರೆಯೂ ಇದೆ. ಈ ಪ್ಯಾನೆಲ್ ಮಾಡುವುದು ಪಿಸಿಆರ್ ವಿಧಾನದಲ್ಲಿ. ಅದು ವೈರಸ್ಸಿನ ಜೀನ್ ಹುಡುಕುವ ಬಹಳ ಸೂಕ್ಷ್ಮವಾದ ಪರೀಕ್ಷೆ. ಸತ್ತ ವೈರಸ್ಸಿನ ಚೂರು ಇದ್ದರೂ ಅದು ಹಿಡಿಯುತ್ತದೆ. ಮೂರು ವಾರದ ಹಿಂದೆ ಬಂದು ಹೋದ ನೆಗಡಿಯ ಕುರುಹು ಇವತ್ತಿನ ರಿಪೋರ್ಟಿನಲ್ಲಿ ಕಾಣಬಹುದು. ಚೆನ್ನಾಗಿ ಓಡಾಡಿಕೊಂಡಿರುವ ಮಕ್ಕಳ ಮೂಗಿನಲ್ಲೂ ರೈನೋವೈರಸ್ ಸಿಗುತ್ತದೆ. ಪ್ಯಾನೆಲ್‌ನಲ್ಲಿ ಎರಡು ಮೂರು ಹೆಸರು ಒಟ್ಟಿಗೆ ಬಂದರೆ ಇವತ್ತಿನ ಜ್ವರ ಯಾವುದರಿಂದ ಬಂತು ಅಂತ ನಾನೂ ಹೇಳಲಾರೆ.

ಫ್ಲೂ ಮತ್ತು ಕೋವಿಡ್ ಎರಡು ಮಾತ್ರ ಬೇರೆ. ಈ ಎರಡಕ್ಕೂ ಔಷಧಿ ಇದೆ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಎಲ್ಲರಿಗೂ ಬೇಕಾಗುವ ಔಷಧಿಯಲ್ಲ. 65 ದಾಟಿದವರು, ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ಸಕ್ಕರೆ, ಹೃದಯ, ಕಿಡ್ನಿ, ಅಸ್ತಮಾ ತೊಂದರೆ ಇರುವವರು, ಇವರಿಗೆ ಅದು ಮುಖ್ಯ. 2009ರ ಎಚ್1ಎನ್1 (ಹಂದಿಜ್ವರ) ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಜ್ವರದವರನ್ನು ಎ, ಬಿ, ಸಿ ಎಂದು ಮೂರು ಗುಂಪು ಮಾಡಿತು. ಎ ಅಂದರೆ ಸಾಮಾನ್ಯ ಜ್ವರ, ಕೆಮ್ಮು. ಅದಕ್ಕೆ ಟೆಸ್ಟೂ ಬೇಡ, ಒಸೆಲ್ಟಾಮಿವಿರೂ ಬೇಡ. ಬಿ ಅಂದರೆ ಜೋರು ಜ್ವರ, ಜೋರು ಗಂಟಲು ನೋವು ಇರುವವರು ಅಥವಾ ಈಗ ಹೇಳಿದ ಅಪಾಯದ ಗುಂಪಿನವರು. ಅವರಿಗೆ ಟೆಸ್ಟ್‌ಗೆ ಕಾಯದೆ ಔಷಧಿ ಕೊಡುವುದನ್ನು ಡಾಕ್ಟರು ತೀರ್ಮಾನಿಸಬಹುದು. ಸಿ ಅಂದರೆ ಏದುಸಿರು, ಎದೆನೋವು, ಮಂಕು, ಉಗುರು ನೀಲಿಯಾಗುವುದು. ಅವರಿಗೆ ಆಸ್ಪತ್ರೆ, ಟೆಸ್ಟ್, ಔಷಧಿ ಎಲ್ಲವೂ ತಕ್ಷಣ ಆಗಬೇಕು.

ನಿಮ್ಮ ಮಗ ಎ ಗುಂಪು. ಅತ್ತೆಗೆ ನಾಳೆ ಜ್ವರ ಬಂದರೆ ಅವರು ಬಿ. ಆದ್ದರಿಂದ ಮಗನನ್ನು ಅಜ್ಜಿಯ ಪಕ್ಕ ಮಲಗಿಸಬೇಡಿ. ಕಿಟಕಿ ತೆಗೆದಿಡಿ. ಒಂದೇ ಕೋಣೆಯಲ್ಲಿ ಇರಲೇಬೇಕಾದಾಗ ಇಬ್ಬರಿಗೂ ಮಾಸ್ಕ್ ಹಾಕಿಸಿ. ಅತ್ತೆಗೆ ಮೈ ಬೆಚ್ಚಗಾದ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಮನೆಯಲ್ಲಿ ಮೊಮ್ಮಗನಿಗೆ ಜ್ವರ ಬಂದಿತ್ತು ಅಂತ ಹೇಳಿ. ಅತ್ತೆಗೆ ಮುಂಜಾಗ್ರತೆಗೆ ಔಷಧಿ ಕೊಡಬೇಕಾ ಅಂತ ತಿಳಿಯಲು ಅವರ ಡಾಕ್ಟರೇ ಕೇಳಿದರೆ, ಆಗ ಮಗನಿಗೆ ಫ್ಲೂ ಒಂದನ್ನು ಮಾತ್ರ ಟೆಸ್ಟ್ ಮಾಡಿಸಿ. ಇಪ್ಪತ್ತು ವೈರಸ್ಸಿನ ಪ್ಯಾನೆಲ್ ಆಗಲೂ ಬೇಡ.

ಟೆಸ್ಟ್ ಮಾಡಿಸಿದರೆ ಸರಿಯಾಗಿ ಮಾಡಿಸಿ. ಜ್ವರ ಬಂದ ಮೊದಲ ಮೂರು ನಾಲ್ಕು ದಿನ ಒಳ್ಳೆಯ ಸಮಯ. ಸ್ವಾಬ್ ತೆಗೆಯುವವರು ಹೊಳ್ಳೆಯ ಬಾಗಿಲಲ್ಲಿ ಸುಮ್ನೆ ತಿರುಗಿಸಿ ಬಿಟ್ಟರೆ ಪಿಸಿಆರ್‌ಗೆ ಸಾಲದು. ಕಡ್ಡಿ ಮೇಲಕ್ಕೆ ಹೋಗಬಾರದು, ಕಿವಿಯ ಕಡೆಗೆ ಅಡ್ಡಲಾಗಿ ಒಳಗೆ ಹೋಗಬೇಕು. ಒಳಗೆ ಮೆತ್ತಗೆ ತಡೆ ಸಿಕ್ಕ ಕಡೆ ನಿಲ್ಲಿಸಿ, ಕೆಲವು ಸೆಕೆಂಡ್ ಬಿಟ್ಟು, ತಿರುಗಿಸುತ್ತಾ ತೆಗೆಯಬೇಕು. ಕಣ್ಣಲ್ಲಿ ನೀರು ಬರುತ್ತದೆ, ಮಗು ಅಳುತ್ತದೆ. ಅದಕ್ಕೇ ಹೇಳುವುದು, ಬೇಡದ ಟೆಸ್ಟ್‌ಗೆ ಮಗುವನ್ನು ಅಳಿಸಬೇಡಿ ಅಂತ. ಆಮೇಲೆ ಆ ಕಡ್ಡಿ ಗುಲಾಬಿ ಬಣ್ಣದ ದ್ರವ ಇರುವ ಟ್ಯೂಬಿಗೆ ಹೋಗಿ, ಐಸ್ ಪ್ಯಾಕ್ ಜೊತೆ ನಮ್ಮಲ್ಲಿಗೆ ಬರಬೇಕು. ಹೋದ ಜನವರಿಯಲ್ಲಿ ಒಂದು ಟ್ಯೂಬ್ ಬಸ್ಸಿನಲ್ಲಿ ಇಡೀ ದಿನ ಬಿಸಿಲಲ್ಲಿ ಬಂತು. ದ್ರವ ಹಳದಿಯಾಗಿತ್ತು, ಮುಚ್ಚಳದ ಸುತ್ತ ಸೋರಿತ್ತು. ಅದರ ಮೇಲೆ ರಿಪೋರ್ಟ್ ಕೊಡಲು ನನಗೆ ಮನಸ್ಸಾಗಲಿಲ್ಲ. ಮತ್ತೆ ಕಳಿಸಿ ಎಂದೆ. ರೋಗಿಯ ಮಗ ಫೋನಿನಲ್ಲಿ ತುಂಬಾ ಬೈದರು. ಸುಳ್ಳು ನೆಗೆಟಿವ್ ಕೊಟ್ಟಿದ್ದರೆ ಬೈಯುತ್ತಿರಲಿಲ್ಲ, ಆದರೆ ಅವರ ತಂದೆಗೆ ಅನ್ಯಾಯವಾಗುತ್ತಿತ್ತು.

ಹದಿನೈದು ನಿಮಿಷದಲ್ಲಿ ಗೆರೆ ತೋರಿಸುವ ಆಂಟಿಜನ್ ಕಿಟ್ ಬಗ್ಗೆಯೂ ಹೇಳಬೇಕು. ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ನಂಬಿ ಕೂರಬೇಡಿ, ಫ್ಲೂ ವಿಷಯದಲ್ಲಂತೂ ಬೇಡ. ನಾನು ಮರೆಯದ ಒಬ್ಬ ಅಜ್ಜಿ ಇದ್ದಾರೆ. 72 ವರ್ಷ, ಸಕ್ಕರೆ ಕಾಯಿಲೆ. ಜ್ವರದ ಎರಡನೇ ದಿನ ಕಿಟ್ ನೆಗೆಟಿವ್. ಮನೆಯವರು ಸಮಾಧಾನವಾಗಿ ಕಷಾಯ ಕುಡಿಸುತ್ತಾ ಇದ್ದರು. ಐದನೇ ದಿನ ಆಸ್ಪತ್ರೆಗೆ ಬರುವಾಗ ರಕ್ತದ ಆಕ್ಸಿಜನ್ ಶೇಕಡಾ 88ಕ್ಕೆ ಇಳಿದಿತ್ತು. ಪಿಸಿಆರ್ ಮಾಡಿದೆ, ಇನ್‌ಫ್ಲುಯೆಂಜಾ ಎ. ಅವರು ಉಳಿದರು, ಆದರೆ ಹನ್ನೊಂದು ದಿನ ಐಸಿಯುನಲ್ಲಿ ಇರಬೇಕಾಯಿತು. ಕಷಾಯ ತಪ್ಪಲ್ಲ, ಗಂಟಲಿಗೆ ಹಿತ. ನೆಗೆಟಿವ್ ಗೆರೆ ನೋಡಿ ಮೂರು ದಿನ ಕಳೆದದ್ದು ತಪ್ಪು.

ಮನೆಯಲ್ಲಿ ದುಡ್ಡಿಲ್ಲದೆ ಮಾಡುವ ಪರೀಕ್ಷೆ ಒಂದಿದೆ. ಮಗು ಮಲಗಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಹಾಲು ಕುಡಿಯದಿದ್ದರೆ, ಆಗಲೇ ಹೊರಡಿ. ಯಾವ ವೈರಸ್ ಅಂತ ಆಸ್ಪತ್ರೆಯಲ್ಲಿ ನೋಡುತ್ತಾರೆ.

ಎಚ್‌ಎಂಪಿವಿ ಚೀನಾದಿಂದ ಬಂದ ಹೊಸ ವೈರಸ್ ಅಲ್ವಾ? — ಮೈಸೂರು

ಅಲ್ಲ. 2001ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಗುರುತು ಸಿಕ್ಕಿತು, 1958ರಿಂದ ಕಾದಿಟ್ಟ ರಕ್ತದ ಮಾದರಿಗಳಲ್ಲೂ ಅದರ ಸುಳಿವಿತ್ತು. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಅದು ಸಿಕ್ಕಾಗ ಟಿವಿಯವರು ಊರೆಲ್ಲ ಹೆದರಿಸಿದರು. ಆ ಎರಡೂ ಕೂಸುಗಳು ವಿದೇಶಕ್ಕೆ ಹೋಗಿರಲಿಲ್ಲ. ವೈರಸ್ ನಮ್ಮಲ್ಲೇ ಇತ್ತು.

ಕಫ ಹಸಿರಾಗಿದೆ. ಅಜಿತ್ರೋಮೈಸಿನ್ ಮೂರು ದಿನ ತಗೊಳ್ಳಲಾ? — ಹುಬ್ಬಳ್ಳಿ

ಬೇಡ. ವೈರಸ್ ನೆಗಡಿಯಲ್ಲೂ ಕಫ ಹಸಿರಾಗುತ್ತದೆ. ಅಜಿತ್ರೋಮೈಸಿನ್ ಆಂಟಿಬಯಾಟಿಕ್, ಅದು ವೈರಸ್ಸಿಗೆ ಕೆಲಸ ಮಾಡುವುದಿಲ್ಲ.

ನೆಗಡಿ ಜ್ವರಕ್ಕೆ ವೈಡಾಲ್ ಟೆಸ್ಟ್ ಮಾಡಿಸಿದರು, ಟೈಫಾಯ್ಡ್ ಅಂದರು. — ರಾಯಚೂರು

ವೈಡಾಲ್ ಟೈಫಾಯ್ಡ್‌ಗೆ ಮಾಡುವ ರಕ್ತ ಪರೀಕ್ಷೆ. ನಮ್ಮ ಊರುಗಳಲ್ಲಿ ಈ ಟೆಸ್ಟಿನಷ್ಟು ದುರುಪಯೋಗ ಆಗಿರುವುದು ಇನ್ನೊಂದಿಲ್ಲ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದಿದ್ದರೂ, ಲಸಿಕೆ ಹಾಕಿಸಿದ್ದರೂ ವೈಡಾಲ್ ಪಾಸಿಟಿವ್ ತೋರಿಸಬಹುದು. ಅನುಮಾನವಿದ್ದರೆ ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಕಳಿಸಿ.

ಒಂದೂವರೆ ವರ್ಷದ ಮಗುವಿಗೆ ಯಾವ ಕೆಮ್ಮಿನ ಸಿರಪ್ ಒಳ್ಳೆಯದು? — ತುಮಕೂರು

ಯಾವುದೂ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸೇರಿದ್ದ ಸಿರಪ್ ಕುಡಿದು ಮಕ್ಕಳು ಸತ್ತರು. ಆಗ ಕೇಂದ್ರವೂ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬಾರದು ಎಂದಿತು. ಮೂಗಿಗೆ ಸಲೈನ್ ಹನಿ ಹಾಕಿ.

ಊರಿನ ಹಿರಿಯರು ಕೂಸಿಗೆ ಹೊಟ್ಟೆಯ ಮೇಲೆ ಬರೆ ಹಾಕಿಸಿ ಅನ್ನುತ್ತಾರೆ. — ಕೊಪ್ಪಳ

ಯಾರು ಹೇಳಿದರೂ ಹಾಕಿಸಬೇಡಿ. ಅದು ಸುಟ್ಟ ಗಾಯ, ಅದರಿಂದ ಕೂಸಿಗೆ ಸೋಂಕು ಏರಿ ಜೀವ ಹೋಗಬಹುದು. ಬರೆ ಹಾಕುವವರ ಮನೆಗೆ ಹೋಗುವ ಹೊತ್ತಿನಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ, ಹಿರಿಯರಿಗೆ ಅವರೇ ಹೇಳಲಿ.

ಮೂರು ದಿನದಿಂದ ಜೋರು ಜ್ವರ, ತಲೆನೋವು, ಸೊಂಟ ಮುರಿಯುವಂಥ ನೋವು. ನೆಗಡಿ ಇಲ್ಲ. ಫ್ಲೂ ಟೆಸ್ಟ್ ಮಾಡಿಸಲಾ? — ಸಾಗರದ ಹತ್ತಿರದ ಹಳ್ಳಿ

ನಿಮ್ಮ ಪತ್ರ ಓದಿದ ಕೂಡಲೇ ಪತ್ರಿಕೆಯವರಿಗೆ ಫೋನ್ ಮಾಡಿ, ನಿಮಗೆ ಇವತ್ತೇ ಆಸ್ಪತ್ರೆಗೆ ಹೋಗಲು ಹೇಳಿ ಎಂದಿದ್ದೇನೆ. ನಿಮ್ಮ ಕಡೆ ಚಳಿಗಾಲದಿಂದ ಬೇಸಿಗೆವರೆಗೆ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಅದು ಗೊತ್ತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮೂಗಿನ ಸ್ವಾಬ್‌ನಲ್ಲಿ ಹುಡುಕುವುದಲ್ಲ, ರಕ್ತದಲ್ಲಿ ನೋಡಬೇಕು. ಮೊದಲ ದಿನಗಳಲ್ಲಿ ಪಿಸಿಆರ್, ಆಮೇಲೆ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತಾ, ಸುತ್ತಮುತ್ತ ಮಂಗ ಸತ್ತಿತ್ತಾ? ಡಾಕ್ಟರು ಕೇಳುವವರೆಗೆ ಕಾಯಬೇಡಿ, ಇದನ್ನೆಲ್ಲ ನೀವೇ ಮೊದಲು ಹೇಳಿ.